ಒಂದು ತಟ್ಟಿದರೆ ನಿಲ್ಲಬೇಕು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ಸೀಮೆಯಲ್ಲಿ ಹಳೆಯ ಗಾಡಿ ಕೊಳ್ಳುವವರು ಇಬ್ಬರ ಮಾತು ಕೇಳಿಯೇ ಮುಂದುವರಿಯುತ್ತಿದ್ದರು. ಒಂದು ಮನೆದೇವರದು, ಇನ್ನೊಂದು ಗಿರಮಲ್ಲಪ್ಪನದು. ದೇವರು ಹೂ ಕೊಡದಿದ್ದರೆ ಮುಂದಿನ ಅಮಾವಾಸ್ಯೆಗೆ ಮತ್ತೆ ಕೇಳಬಹುದಿತ್ತು. ಗಿರಮಲ್ಲಪ್ಪ ಬೇಡ ಅಂದರೆ ಮುಗಿಯಿತು, ಆ ಗಾಡಿ ತಂದವನು ಅದನ್ನು ಬಂದ ದಾರಿಯಲ್ಲೇ ಹೊಡೆದುಕೊಂಡು ಹೋಗಬೇಕು.

ಅವನೇನು ಕಲಿತ ಮೇಸ್ತ್ರಿಯಲ್ಲ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಕುರಿ ಕಾದವನು. ಆಮೇಲೆ ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುವ ಟ್ರ್ಯಾಕ್ಟರು ಹೊಡೆದ, ಆಮೇಲೆ ಸ್ವಂತದ್ದೊಂದು ಟ್ರ್ಯಾಕ್ಸ್ ಇಟ್ಟು ಸಂತೆ ಜನರನ್ನು ತುಂಬಿದ. ಗಾಡಿ ಪರೀಕ್ಷೆ ಮಾಡುವಾಗ ಬಾನೆಟ್ ಎತ್ತುತ್ತಿರಲಿಲ್ಲ, ಟೈರಿಗೆ ಒದೆಯುತ್ತಿರಲಿಲ್ಲ, ಕಾಗದಪತ್ರ ಕೇಳುತ್ತಿರಲಿಲ್ಲ. ಗಾಡಿಯನ್ನು ತನ್ನೂರಾದ ಹೊಸ ಹೊಳೆಕಟ್ಟಿಗೆ ತರಿಸಿ, ಅಲ್ಲಿಂದ ಹಳೆಯ ಹೊಳೆಕಟ್ಟಿಗೆ ಇಳಿಯುವ ರಸ್ತೆಯಲ್ಲಿ ನೀರಿನ ಅಂಚಿನ ತನಕ ಒಮ್ಮೆ ಹೋಗಿ ಬರುತ್ತಿದ್ದ. ಇಳಿದವನೇ ಹೂಂ ಅನ್ನುತ್ತಿದ್ದ, ಇಲ್ಲವೆ ಊಹೂಂ. ಅವನು ಹೂಂ ಅಂದ ಗಾಡಿ ಹತ್ತು ವರ್ಷ ಕೆಮ್ಮುತ್ತಿರಲಿಲ್ಲ. ಅದರಲ್ಲಿ ಗಿರಮಲ್ಲಪ್ಪನ ಕೈಗುಣ ಎಷ್ಟು, ಕೊಂಡವನ ನಂಬಿಕೆ ಎಷ್ಟು ಎಂದು ನನ್ನನ್ನು ಕೇಳಬೇಡಿ.

ಆ ರಸ್ತೆಯ ಸಂಗತಿ ಬೇರೆಯೇ ಇದೆ. ಆಲಮಟ್ಟಿಯಲ್ಲಿ ನೀರು ನಿಂತ ಮೇಲೆ ಘಟಪ್ರಭೆ ಹಿಂದಕ್ಕೆ ಉಬ್ಬಿ ದಂಡೆಯ ಊರುಗಳನ್ನು ಒಂದೊಂದಾಗಿ ನುಂಗಿತು. ಹೊಳೆಕಟ್ಟಿ ಮುಳುಗಿದ್ದು ಎರಡು ಸಾವಿರದ ಇಸವಿಯ ಮಳೆಗಾಲದಲ್ಲಿ. ಜನರಿಗೆ ಎರಡು ಮೈಲಿ ಮೇಲೆ, ಕಲ್ಲುಗುಡ್ಡದ ಮೇಲೆ ಜಾಗ ಕೊಟ್ಟರು. ಹಳೆಯ ರಸ್ತೆಯನ್ನು ಯಾರೂ ಕೀಳಲಿಲ್ಲ. ಮಳೆಗಾಲದಿಂದ ಸಂಕ್ರಾಂತಿಯ ತನಕ ಅದು ನೀರೊಳಗೆ ಇರುತ್ತದೆ. ಬೇಸಿಗೆಯಲ್ಲಿ ನೀರು ಸರಿದಂತೆಲ್ಲ ಒಂದೊಂದೇ ಮಾರು ಮೇಲೆ ಬರುತ್ತದೆ. ಅಲ್ಲಲ್ಲಿ ಡಾಂಬರು, ಅಲ್ಲಲ್ಲಿ ಬರೀ ಖಡಿಕಲ್ಲು. ಎರಡೂ ಬದಿಗೆ ಬಿರುಕು ಬಿಟ್ಟ ಕೆಸರು, ಬೂದಿ ಬಣ್ಣದ ಮರದ ಬೊಡ್ಡೆಗಳು, ಚಾವಣಿಯಿಲ್ಲದ ಗೋಡೆಗಳು. ಏಪ್ರಿಲ್ ಹೊತ್ತಿಗೆ ಅಂಚಿನಲ್ಲಿ ಹಸಿರು ಹುಲ್ಲು ಚಿಗುರುತ್ತದೆ, ಆದರೂ ಕುರಿಗಳು ಅಲ್ಲಿಗೆ ಇಳಿಯಲು ಒಲ್ಲೆ ಅನ್ನುತ್ತವೆ.

ಹೀಗಾಗಿ ಗಿರಮಲ್ಲಪ್ಪನ ಪರೀಕ್ಷೆ ಬೇಸಿಗೆಗೆ ಮಾತ್ರ. ಶ್ರಾವಣದಲ್ಲಿ ಗಾಡಿ ತಂದವರಿಗೆ ಹೋಳಿ ಹುಣ್ಣಿಮೆ ಆಗಲಿ ಬಾ ಎಂದು ಕಳಿಸಿಬಿಡುತ್ತಿದ್ದ. ಗಾಡಿ ದಲ್ಲಾಳಿಗಳು ಹಲ್ಲು ಕಡಿಯುತ್ತಿದ್ದರು. ಬೇರೆ ರಸ್ತೆ ಇಲ್ಲವೇನು, ಬಾಡಗಂಡಿಯ ಹಾದಿ ಹಿಡಿದರೆ ಏನು ಕಡಿಮೆ ಎಂದು ಕೇಳುತ್ತಿದ್ದರು. ಉತ್ತರ ಗೊತ್ತಿದ್ದದ್ದು ಅವನ ಹೆಂಡತಿ ಸಾತವ್ವನಿಗೆ ಒಬ್ಬಳಿಗೇ.

ಅವರಿಬ್ಬರಿಗೆ ಒಬ್ಬಳೇ ಮಗಳಿದ್ದಳು, ಮಾಲಾ. ಟ್ರ್ಯಾಕ್ಸ್ ಹೊಡೆಯುವವರಲ್ಲಿ ಒಂದು ರೂಢಿಯಿದೆ. ಹೊರಗಿನಿಂದ ತಗಡಿಗೆ ಒಂದು ತಟ್ಟಿದರೆ ನಿಲ್ಲಬೇಕು, ಎರಡು ತಟ್ಟಿದರೆ ಹೋಗಬೇಕು. ಡ್ರೈವರ್ ತಿರುಗಿ ನೋಡುವುದಿಲ್ಲ, ಕೈಯನ್ನು ನಂಬುತ್ತಾನೆ. ಮಾಲಾ ಇದನ್ನು ಮಾತು ಕಲಿಯುವ ಮುಂಚೆಯೇ ಕಲಿತಳೆಂದು ಗಿರಮಲ್ಲಪ್ಪ ಹೇಳುತ್ತಿದ್ದ. ಬೆಳಿಗ್ಗೆ ಅವನು ಗಾಡಿ ಹೊರಡಿಸಿದರೆ ಎಡಗಡೆಯ ಬಾಗಿಲಿಗೆ ಒಂದು ತಟ್ಟುತ್ತಿದ್ದಳು. ಅವನು ನಿಲ್ಲಿಸಬೇಕು, ಅವಳು ಮುಂದಿನ ಸೀಟು ಹತ್ತಿ ಕೂತು ಊರ ಹೊರಗಿನ ಸಣ್ಣ ಸೇತುವೆಯ ತನಕ ಬರಬೇಕು, ಅಲ್ಲಿ ಇಳಿದು ಎರಡು ತಟ್ಟಬೇಕು. ಆಮೇಲೆಯೇ ಅವನ ದಿನ ಶುರು. ಆರನೆಯ ವರ್ಷಕ್ಕೆ ಜ್ವರ ಬಂದು ಮೂರೇ ದಿನದಲ್ಲಿ ಹೋದಳು. ಆ ಸೇತುವೆಯ ಪಕ್ಕ ಅವರದೇ ಹೊಲದ ಬದುವಿನಲ್ಲಿ ಹೂತರು. ಊರು ಮುಳುಗಲು ಇನ್ನೂ ಒಂದು ವರ್ಷವಿತ್ತು.

ಊರು ಬಿಡುವ ದಿನ ಬೀರೇಶ್ವರನ ಕಲ್ಲನ್ನು ಕಂಬಳಿಯಲ್ಲಿ ಸುತ್ತಿ ಮೊದಲು ಸಾಗಿಸಿದರು. ಆಮೇಲೆ ಸತ್ತವರ ಸರದಿ. ಪ್ರತಿ ಮನೆಯವರೂ ತಮ್ಮ ಹಿರಿಯರ ಸಮಾಧಿಯಿಂದ ಒಂದು ಹಿಡಿ ಮಣ್ಣು ತೆಗೆದು, ಭಂಡಾರದ ಅರಿಶಿನ ಉಗ್ಗಿ, ಹೆಸರು ಹಿಡಿದು ಕರೆಯಬೇಕು: ಗಾಡಿ ನಿಂತಿದೆ, ಬರ್ರಿ. ಕರೆದವರು ಬರುತ್ತಾರೆ, ಕರೆಯದವರು ನೀರಿನ ಪಾಲು. ಗಿರಮಲ್ಲಪ್ಪನ ಅಪ್ಪ, ಅಜ್ಜ, ಮುತ್ತಜ್ಜಿ ಎಲ್ಲರನ್ನೂ ಕರೆದದ್ದಾಯಿತು. ಸಾತವ್ವ ಸೇತುವೆಯ ಕಡೆಗೆ ಕೈ ಮಾಡಿದಾಗ ಪೂಜಾರಿಕೆಯ ಮುದುಕ ಚನಮಲ್ಲಪ್ಪ ತಡೆದ. ಕೂಸುಗಳು ಹಿರಿಯರಲ್ಲ, ಅವುಗಳನ್ನು ಕರೆಯುವ ಪದ್ಧತಿಯಿಲ್ಲ, ಅವು ಬೇರೆ ಹೊಟ್ಟೆ ಹುಡುಕಿಕೊಂಡು ಹೋಗಿರುತ್ತವೆ, ಕರೆದರೆ ಬರುವ ದಾರಿಯಲ್ಲಿ ಸಿಕ್ಕಿಕೊಂಡು ಅತ್ತಲೂ ಇಲ್ಲ ಇತ್ತಲೂ ಇಲ್ಲ ಆಗುತ್ತವೆ ಎಂದ. ಸಾತವ್ವ ಗಂಡನ ಮುಖ ನೋಡಿದಳು. ಸ್ಟೇರಿಂಗ್ ಹಿಡಿದು ಕೂತಿದ್ದ ಗಿರಮಲ್ಲಪ್ಪ ಹಿರಿಯರ ಮಾತಿಗೆ ಎದುರಾಡಲಿಲ್ಲ.

ಅವನ ಟ್ರ್ಯಾಕ್ಸಿನಲ್ಲಿ ಹನ್ನೆರಡು ಜನರಿದ್ದರು. ನೀರು ಆಗಲೇ ರಸ್ತೆಯ ಮೇಲೆ ಗೇಣುದ್ದ ಹರಿಯುತ್ತಿತ್ತು. ಸೇತುವೆ ದಾಟುವಾಗ ಎಡ ಬಾಗಿಲಿಗೆ ಒಂದು ತಟ್ಟು ಬಿತ್ತು. ಒಂದೇ. ನಿಲ್ಲಿಸಿದ್ದರೆ ಗಾಲಿ ಹೂತು ಹನ್ನೆರಡು ಜೀವ ಅಲ್ಲೇ ನೀರುಪಾಲಾಗುತ್ತಿದ್ದವು. ಅವನು ನಿಲ್ಲಿಸಲಿಲ್ಲ. ಗುಡ್ಡದ ಮೇಲೆ ಬಂದು ಯಾರು ತಟ್ಟಿದಿರಿ ಎಂದು ಕೇಳಿದ. ಯಾರೂ ತಟ್ಟಿರಲಿಲ್ಲ.

ಮುಂದಿನ ಬೇಸಿಗೆ ಯಾರದೋ ಜೀಪು ಪರೀಕ್ಷೆ ಮಾಡಲೆಂದು ಖಾಲಿ ರಸ್ತೆ ಹುಡುಕಿ ಆ ಕಡೆ ಇಳಿದ. ಸೇತುವೆಯ ಮೇಲೆ ಮತ್ತೆ ಒಂದು ತಟ್ಟು. ಚನಮಲ್ಲಪ್ಪನಿಗೆ ಹೇಳಿದಾಗ ಮುದುಕ ಬೀಡಿ ಆರಿಸಿ, ಮುಳುಗಿದ ಊರು ಕರೆದರೆ ಓಗೊಡಬಾರದು, ನಿಂತೆಯೋ ನೀನು ಅದರ ಲೆಕ್ಕಕ್ಕೆ ಸೇರಿದೆ ಎಂದ. ಹಾಗಾಗಿ ಅವನು ಎಂದೂ ನಿಲ್ಲಿಸಲಿಲ್ಲ. ಹೋಗುವುದನ್ನೂ ಬಿಡಲಿಲ್ಲ. ಹದಿನಾಲ್ಕು ಬೇಸಿಗೆಗಳಲ್ಲಿ ಆ ತಟ್ಟನ್ನು ನೂರಾರು ಗಾಡಿಗಳಲ್ಲಿ ಕೇಳಿದ. ತೆಳು ತಗಡಿನದು ಹೇಗೆ ಕೇಳಿಸುತ್ತದೆ, ಎಲ್ಲೋ ಗುದ್ದಿಸಿಕೊಂಡು ಬಂದು ಪುಟ್ಟಿ ತುಂಬಿಸಿಕೊಂಡ ಬಾಗಿಲಿನದು ಹೇಗೆ, ಗಟ್ಟಿ ಗಾಡಿಯದು ಹೇಗೆ ಎಂಬುದು ಅವನಿಗೆ ಬಾಯಿಪಾಠವಾಯಿತು. ಊರೂರು ಹೊಗಳಿದ ವಿದ್ಯೆ ಇದೇ. ಅವನು ಮನೆಗೆ ಬಂದು ಕೈಕಾಲು ತೊಳೆಯುವಾಗ ಸಾತವ್ವ ಬೇರೆ ಏನನ್ನೂ ಕೇಳುತ್ತಿರಲಿಲ್ಲ.

“ತಟ್ಟಿದಳೇನ್ರಿ?”

“ಹೂಂ, ತಟ್ಟಿದಳು.”

ಅಷ್ಟು ಸಾಕಿತ್ತು ಅವಳಿಗೆ. ಅಂದು ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದಳು. ಮಳೆಗಾಲವೆಲ್ಲ ಇಬ್ಬರೂ ನೀರು ಇಳಿಯುವುದನ್ನೇ ಕಾಯುತ್ತಿದ್ದರು.

ಎರಡು ಸಾವಿರದ ಹದಿನಾಲ್ಕನೆಯ ಇಸವಿ, ಮೇ ತಿಂಗಳು. ಬನಹಟ್ಟಿಯ ವಿಠೋಬಾ ಎಂಬ ನೇಕಾರ ಸಾಹುಕಾರನಿಗೆ ದೊಡ್ಡ ಹೆಸರಿನ ಕಾರು ಹತ್ತುವ ಹಂಬಲ ಹುಟ್ಟಿತು. ನಲವತ್ತು ಪಾವರ್‌ಲೂಮುಗಳ ನಡುವೆ ಬೆಳೆದು ಅವನ ಕಿವಿ ಅರ್ಧ ಹೋಗಿತ್ತು, ಹಂಬಲ ಪೂರ್ತಿ ಉಳಿದಿತ್ತು. ಜಮಖಂಡಿಯ ದಲ್ಲಾಳಿ ಅಪ್ಪಾಸಾಬ ಪುಣೆಯಿಂದ ಮೂರು ವರ್ಷ ಓಡಿದ ಎರಡು ಗಾಡಿ ತಂದ. ಎರಡೂ ಜರ್ಮನಿಯ ಕಂಪನಿಗಳವು, ಎರಡೂ ಓಟಕ್ಕೆ ಹೆಸರಾದವು, ಎರಡೂ ತಂತಮ್ಮ ಕಂಪನಿಯಲ್ಲಿ ಎಲ್ಲಕ್ಕಿಂತ ಚಿಕ್ಕವು. ಅಂದರೆ ಸಿರಿವಂತರ ಊಟದಲ್ಲಿ ಕೊನೆಯ ಪಂಕ್ತಿ. ಎಲೆ ಅದೇ, ಪಾಯಸ ಮಾತ್ರ ಸ್ವಲ್ಪ ತೆಳು. ಕಂಪನಿಯ ಹೆಸರು ಕಟ್ಟಿಕೊಂಡು ನಮಗೇನು ಮಾಡುವುದಿದೆ? ಗಿರಮಲ್ಲಪ್ಪ ಅವನ್ನು ಬಿಳಿಯದು, ಕರಿಯದು ಎಂದೇ ಕರೆದ.

ವಿಠೋಬಾ ತನ್ನ ತಾಪತ್ರಯ ಮೊದಲೇ ಹೇಳಿದ. ತಾಯಿ ಅನಸವ್ವನಿಗೆ ಮೊಣಕಾಲು ಮಡಚಲು ಬರುವುದಿಲ್ಲ, ಪ್ರತಿ ವಾರ ಆಸ್ಪತ್ರೆಗೆ ಕರೆದೊಯ್ಯಬೇಕು. ಬನಹಟ್ಟಿಯ ಓಣಿಗಳಲ್ಲಿ ಹೆಜ್ಜೆಗೊಂದು ರಸ್ತೆ ಹಂಪು. ಕಬ್ಬಿನ ಹಂಗಾಮಿನಲ್ಲಿ ರಸ್ತೆಯೆಲ್ಲ ಟ್ರೇಲರ್ ತುಳಿದ ಕೊರಕಲು. ಗಿರಮಲ್ಲಪ್ಪ ಆರಿಸಿದ ಗಾಡಿಗೆ ಗಿರಮಲ್ಲಪ್ಪನೇ ಡ್ರೈವರ್ ಆಗಬೇಕು ಎಂಬುದು ಅವನ ಇನ್ನೊಂದು ಕರಾರು. ಗಿರಮಲ್ಲಪ್ಪ ಒಪ್ಪಿದ. ವಯಸ್ಸು ಐವತ್ತು ದಾಟಿತ್ತು, ಟ್ರ್ಯಾಕ್ಸ್ ಎಂದೋ ಗುಜರಿಗೆ ಹೋಗಿತ್ತು.

ಹನ್ನೆರಡರ ಬಿಸಿಲು. ಆ ಹೊತ್ತಿನಲ್ಲಿ ತಿಳಿದವರು ಹಾಳೂರಿನ ಕಡೆ ಹಾಯುವುದಿಲ್ಲ. ಮೊದಲು ಬಿಳಿಯದನ್ನು ತೆಗೆದ. ವಿಠೋಬಾ ಮುಂದೆ ಎಡಕ್ಕೆ ಕೂತ, ಅಪ್ಪಾಸಾಬ ಹಿಂದೆ. ಈ ಗಾಡಿಯಲ್ಲಿ ಮುಂದಿನ ಗಾಲಿ ಎಳೆಯುತ್ತದೆ, ಹಿಂದಿನವು ಹಿಂಬಾಲಿಸುತ್ತವೆ. ಒತ್ತಿದರೆ ಮೂತಿ ಸ್ವಲ್ಪ ಎತ್ತಿ ಓಡಿತು. ಖಡಿ ಬಂದಾಗ ಸ್ಟೇರಿಂಗು ಅಂಗೈಗೆ ಸುದ್ದಿ ಮುಟ್ಟಿಸಿತು. ತಳ ಎಲ್ಲೂ ತಾಗಲಿಲ್ಲ. ಹಿಂದಿನ ಬಾಗಿಲು ಅಗಲ, ಸೀಟು ಎತ್ತರ, ಮುದುಕಿ ಸುಮ್ಮನೆ ಕುಂಡೆ ಊರಿ ಕಾಲು ಎಳೆದುಕೊಂಡರೆ ಸಾಕು. ಇಂಜಿನ್ ಸದ್ದು ಒಳಗೆ ಒಂದಿಷ್ಟು ಬರುತ್ತಿತ್ತು, ಅದನ್ನು ದೋಷವೆಂದು ಅವನು ಎಣಿಸಲಿಲ್ಲ. ಸೇತುವೆ ಬಂತು. ತಟ್ಟು ಬಿತ್ತು, ದಪ್ಪಗೆ, ಗಟ್ಟಿ ಮಡಿಕೆ ಬಡಿದ ಹಾಗೆ. ಗಾಡಿಯಲ್ಲಿ ಮೋಸವಿಲ್ಲ. ಅವನ ಮನಸ್ಸು ಅಲ್ಲೇ ತೀರ್ಪು ಬರೆದಿತ್ತು.

ಆಮೇಲೆ ಕರಿಯದು. ಇದರಲ್ಲಿ ಹಿಂದಿನ ಗಾಲಿ ನೂಕುತ್ತದೆ. ನೆಲಕ್ಕೆ ಅಂಟಿದಂತೆ ತಗ್ಗು. ವಿಠೋಬಾ ಹತ್ತಲಿಲ್ಲ, ಇಳಿದ ಎನ್ನಬೇಕು. ಆಕ್ಸಿಲರೇಟರ್ ಮುಟ್ಟಿದ್ದಷ್ಟೇ, ಬೆನ್ನು ಸೀಟಿನೊಳಗೆ ಹೋಯಿತು. ಗೇರು ಯಾವಾಗ ಬಿತ್ತೋ ಅದಕ್ಕೇ ಗೊತ್ತು. ತಿರುವಿನಲ್ಲಿ ಹಗ್ಗ ಕಟ್ಟಿ ಎಳೆದಂತೆ ತಿರುಗಿತು. ಓಟಕ್ಕೆ ಇದೇ ಮೇಲು, ಅದರಲ್ಲಿ ಮಾತಿಲ್ಲ. ಆದರೆ ಗಾಜು ಏರಿಸಿದ ಮೇಲೆ ಹೊರಗಿನ ಲೋಕ ಕತ್ತರಿಸಿ ಹೋಯಿತು. ಖಡಿಯ ಸದ್ದಿಲ್ಲ, ಗಾಳಿಯ ಸದ್ದಿಲ್ಲ. ಕಣ್ಣ ಮುಂದೆ ಹಳೆಯ ಗೋಡೆಗಳು ಓಡುತ್ತಿದ್ದವು, ಕಿವಿಗೆ ಗಾಡಿ ನಿಂತಂತೆಯೇ ಇತ್ತು. ಕಿವಿಯಿಂದಲೇ ರಸ್ತೆ ಅಳೆದವನಿಗೆ ತಾನೆಲ್ಲಿದ್ದೇನೆ ಎಂಬುದೇ ತಪ್ಪಿತು. ಎರಡು ಸಲ ರಸ್ತೆಯ ಉಬ್ಬಿಗೆ ಹೊಟ್ಟೆ ಉಜ್ಜಿದ್ದು ಸೀಟಿನ ನಡುಕದಿಂದ ತಿಳಿಯಿತೇ ಹೊರತು ಕೇಳಿಸಲಿಲ್ಲ. ಎದುರಿಗೆ ನೀರು ಕಂಡಾಗಲೇ ಸೇತುವೆ ಹಿಂದೆ ಹೋಗಿದೆ ಎಂದು ಗೊತ್ತಾದದ್ದು.

ತಟ್ಟು ಬಿದ್ದಿರಲಿಲ್ಲ.

ತಿರುಗಿಸಿಕೊಂಡು ನಿಧಾನ ಬಂದ. ಸೇತುವೆಯ ಮೇಲೆ ಆಮೆಯ ನಡಿಗೆಯಲ್ಲಿ ದಾಟಿದ. ಇಲ್ಲ. ಅರ್ಧ ಗಂಟೆಯ ಹಿಂದೆ ತಟ್ಟಿದ ಕೈ ಎಲ್ಲಿಗೆ ಹೋಯಿತು? ಅವಳು ತಟ್ಟಿಯೂ ಈ ಗಾಡಿ ಕೇಳಗೊಡಲಿಲ್ಲವೋ, ಅಥವಾ ಇಷ್ಟು ವರ್ಷ ತಟ್ಟಿ ತಟ್ಟಿ ಸಾಕಾಗಿ ಬಿಟ್ಟಳೋ? ಸಂಜೆ ಸಾತವ್ವ ಕೇಳಿದರೆ ಏನು ಹೇಳುವುದು? ಅವನಿಗೆ ಭಯವಾಯಿತು. ಮಗಳು ಸತ್ತ ದಿನವೂ ಹೀಗೆ ಆಗಿರಲಿಲ್ಲ, ಯಾಕೆಂದರೆ ಅಂದು ಅಳುವುದಕ್ಕೆ ಜನ ಸುತ್ತ ಇದ್ದರು.

ಗುಡ್ಡದ ಮೇಲೆ ಚಹಾದಂಗಡಿಯಲ್ಲಿ ಅವರಿಬ್ಬರನ್ನೂ ಇಳಿಸಿ, ಒಬ್ಬನೇ ಇನ್ನೊಂದು ಸುತ್ತು ಹೋಗಿ ಬರುತ್ತೇನೆ ಎಂದ. ಅಪ್ಪಾಸಾಬನಿಗೆ ಆಶ್ಚರ್ಯ. ಗಿರಮಲ್ಲಪ್ಪ ಎರಡನೇ ಸುತ್ತು ಹೋದದ್ದನ್ನು ಯಾರೂ ಕಂಡಿರಲಿಲ್ಲ.

ಸೇತುವೆಯ ಮೇಲೆ ಕಿವಿ ನಿಗುರಿಸಿ ಕಾದ. ಸದ್ದಿಲ್ಲ. ಆಗ ಅವನು ಹದಿನಾಲ್ಕು ವರ್ಷ ಮಾಡದೆ ಉಳಿಸಿದ್ದ ಕೆಲಸ ಮಾಡಿದ. ಬ್ರೇಕ್ ಒತ್ತಿದ. ಗಾಡಿ ನಿಂತಿತು. ಚನಮಲ್ಲಪ್ಪನ ಮಾತು ನೆನಪಿಗೆ ಬಂತು, ಬಂದರೆ ಬರಲಿ ಎಂದುಕೊಂಡ. ಇಳಿದು ಸುತ್ತು ಹಾಕಿ ಎಡ ಬಾಗಿಲು ತೆರೆದು ಹಿಡಿದ. ಬಿಸಿಲಿಗೆ ನೀರಿನ ಅಂಚು ಕಣ್ಣು ಕುಕ್ಕುತ್ತಿತ್ತು. ಬದು ಇದ್ದಲ್ಲಿ ಕೆಸರು ಒಣಗಿ ಹೆಂಚಿನಂತೆ ಸೀಳಿತ್ತು. ನೆರಳು ಅವನ ಕಾಲ ಬುಡದಲ್ಲೇ ಇತ್ತು.

“ಮಾಲಾ, ಗಾಡಿ ನಿಂತೈತಿ ಬಾ ಯವ್ವಾ. ಅವತ್ತ ನಿಂದರಲಿಲ್ಲ, ನಂದು ತಪ್ಪಾತು.”

ಕರೆಯಬಾರದ ಹೆಸರು ಕರೆದಾಗಿತ್ತು. ಎಲ್ಲಿಯೂ ಒಂದು ಹುಲ್ಲು ಅಲ್ಲಾಡಲಿಲ್ಲ. ಅವನು ಒಂದು ಮಗು ತೆವಳಿ ಹತ್ತಲು ಹಿಡಿಯುವಷ್ಟು ಹೊತ್ತು ನಿಂತು, ಬಾಗಿಲು ಹಾಕಿದ. ತನ್ನ ಜಾಗದಲ್ಲಿ ಕೂತು ಗಾಡಿಯನ್ನು ಗುಡ್ಡದ ಕಡೆಗೆ ತಿರುಗಿಸಿ ಹೊರಡಿಸಿದ. ಹತ್ತು ಮಾರು ಹೋಗಿದ್ದನೋ ಇಲ್ಲವೋ, ಎದುರಿಗೆ ಕೆಂಪು ದೀಪ ಹತ್ತಿತು. ಬೆಲ್ಟು ಬಿಗಿದುಕೊಂಡು ಕೂತ ಮನುಷ್ಯನ ಗುರುತು, ಸೀಟಿನಲ್ಲಿ ಕೂತವರು ಬೆಲ್ಟು ಹಾಕಿಲ್ಲ ಎಂದು ಹೇಳುವುದು. ಜೊತೆಗೆ ಟಿಂಗ್, ಟಿಂಗ್, ಟಿಂಗ್. ಅವನ ಬೆಲ್ಟು ಬಿಗಿದೇ ಇತ್ತು. ಪಕ್ಕದ ಸೀಟು ಖಾಲಿ. ಹೋಗುವಾಗಲೂ ಖಾಲಿಯೇ ಇತ್ತು, ಆಗ ಗಾಡಿ ತುಟಿಪಿಟಕ್ ಅಂದಿರಲಿಲ್ಲ.

ಗಾಡಿ ನಿಲ್ಲಿಸಿ, ಬಾಗಿ, ಆ ಬದಿಯ ಬೆಲ್ಟು ಎಳೆದು, ಖಾಲಿ ಸೀಟಿನ ಮೇಲಿಂದ ತಂದು ಸಿಕ್ಕಿಸಿದ. ಟಿಂಗ್ ನಿಂತಿತು. ದೀಪ ಆರಿತು. ಆ ನಿಶ್ಶಬ್ದದಲ್ಲಿ ಗಿರಮಲ್ಲಪ್ಪ ಬಾಯಿಗೆ ಟವೆಲು ಒತ್ತಿಕೊಂಡು ಅತ್ತ. ಹೆದರಿಕೆಗೆ ಅತ್ತನೋ, ಸಂತೋಷಕ್ಕೋ, ಎರಡೂ ಇದ್ದವು.

ಚಹಾದಂಗಡಿ ದಾಟಿಸಿ ಸೀದಾ ತನ್ನ ಮನೆಯ ಬಾಗಿಲಿಗೇ ತಂದ. ಸಾತವ್ವ ಹೊರಗೆ ಬಂದಳು. ಕರಕೊಂಡು ಬಂದೀನಿ ಎಂದು ಅವನು ಹೇಳಿದ್ದಷ್ಟೇ. ಅವಳು ಯಾರನ್ನು ಎಂದು ಕೇಳಲಿಲ್ಲ. ಒಳಗೆ ಹೋಗಿ ತಂಬಿಗೆಯಲ್ಲಿ ನೀರು, ರೊಟ್ಟಿಯ ತುಂಡು ತಂದು, ಎಡ ಬಾಗಿಲ ಮುಂದೆ ನಿವಾಳಿಸಿ ಇಳಿ ತೆಗೆದು ಎಸೆದಳು. ಬಾಗಿಲು ತೆರೆದಳು. ಖಾಲಿ ಸೀಟಿನ ಮೇಲೆ ಬಿಗಿದ ಬೆಲ್ಟನ್ನು ಮುಟ್ಟಿ ನೋಡಿದಳು. ಗಂಡ ಗುಂಡಿ ತೋರಿಸಿದ, ಅವಳು ಒತ್ತಿದಳು, ಬೆಲ್ಟು ಸರ್ರನೆ ಒಳಗೆ ಹೋಯಿತು.

ಟಿಂಗ್, ಟಿಂಗ್, ಟಿಂಗ್.

“ಇಳಿ ನನ್ನವ್ವ, ಮನಿ ಬಂತು,” ಅಂದಳು ಸಾತವ್ವ. ಸದ್ದು ನಿಲ್ಲಲಿಲ್ಲ. ಬೆಲ್ಲ ಕೊಡುತ್ತೇನೆ ಅಂದಳು, ಹೊಸ ಮನೆ ನೋಡುವಿಯಂತೆ ಅಂದಳು. ಸದ್ದು ನಿಲ್ಲಲಿಲ್ಲ. ಬೆಲ್ಟು ಮತ್ತೆ ಹಾಕಿದರೆ ಸುಮ್ಮನಾಗುತ್ತಿತ್ತು, ತೆಗೆದರೆ ಮತ್ತೆ ಶುರು. ಮೂರು ಸಲ ಹಾಗಾಯಿತು. ನಾಲ್ಕನೆಯ ಸಲ ಸಾತವ್ವ ಬೆಲ್ಟು ಹಾಕಿ, ಸೀಟಿನ ಮೇಲೆ ಒಂದು ಮೊಳ ಎತ್ತರದ ಗಾಳಿಯನ್ನು ಅಂಗೈಯಿಂದ ನೇವರಿಸಿ, ಹಿಂದೆ ಸರಿದಳು.

“ಒಲ್ಲೆ ಅನ್ನಾಕತ್ತಾಳ್ರಿ. ಆಕಿಗೆ ಗಾಡ್ಯಾಗ ಕುಂಡ್ರೂದ ಬೇಕು.” ಬಾಗಿಲು ಮುಚ್ಚುತ್ತ ಹೇಳಿದಳು, “ಇನ್ನೊಮ್ಮೆ ಬಿಟ್ಟು ಬರಬ್ಯಾಡ್ರಿ.”

ಅಷ್ಟರಲ್ಲಿ ವಿಠೋಬಾನೂ ಅಪ್ಪಾಸಾಬನೂ ಬಿಸಿಲಿಗೆ ಟವೆಲು ಹೊದ್ದು ಏದುಸಿರು ಬಿಡುತ್ತ ಬಂದರು. ಟಿಂಗ್ ಸದ್ದು ಅಪ್ಪಾಸಾಬನ ಕಿವಿಗೂ ಬಿದ್ದಿತ್ತು. ಅವನು ಮುಖ ಸಣ್ಣದು ಮಾಡಿ, ಸೀಟಿನೊಳಗಿನ ಸೆನ್ಸರ್ ಕೆಟ್ಟಿರಬೇಕು, ಪುಣೆಯಲ್ಲಿ ಸರಿಯಿತ್ತು, ಸುಳ್ಳು ಯಾಕೆ ಹೇಳಲಿ, ಇದನ್ನು ಇವತ್ತೇ ಮರಳಿ ಕಳಿಸುತ್ತೇನೆ ಎಂದ. ದಲ್ಲಾಳಿಯೇ ಗಾಡಿಯ ದೋಷ ಒಪ್ಪಿಕೊಂಡ ಮೇಲೆ ಉಳಿದದ್ದೇನು? ವಿಠೋಬಾ ಆದರೂ ಕ್ರಮ ಬಿಡಲಿಲ್ಲ. ಕಿವಿಗೆ ಕೈ ಹಚ್ಚಿಕೊಂಡು ಕೇಳಿದ.

“ನಿನ್ನ ಮಾತ ನನಗ ಕಡೀ ಮಾತು ಗಿರಮಲ್ಲಪ್ಪ. ನಮ್ಮ ಅವ್ವಗ ಯಾವುದು ಛಲೋ?”

ಬಿಳಿಯದು. ಅದು ಗಿರಮಲ್ಲಪ್ಪನ ನಾಲಿಗೆಯ ತುದಿಯಲ್ಲೇ ಇತ್ತು. ಒಂದು ಗಾಡಿಯ ಬಗ್ಗೆಯೂ ಅವನು ಈ ತನಕ ಸುಳ್ಳು ನುಡಿದವನಲ್ಲ. ನೀರು ನುಂಗಿದ ಮೇಲೆ ಊರಿಲ್ಲ, ಹೊಲವಿಲ್ಲ, ಉಳಿದದ್ದು ಈ ಒಂದು ಮಾತೇ. ಬನಹಟ್ಟಿಯಲ್ಲಿ ಒಬ್ಬ ಮುದುಕಿ ಪ್ರತಿ ವಾರ ಆ ತಗ್ಗಿನ ಸೀಟಿಗೆ ಮೊಣಕಾಲು ಮಡಚಿ ನರಳುವುದು ಅವನಿಗೆ ಈಗಲೇ ಕೇಳಿಸುತ್ತಿತ್ತು. ಸಾತವ್ವ ಹೊಸ್ತಿಲಲ್ಲಿ ನಿಂತು ಅವನ ಮುಖವನ್ನೇ ನೋಡುತ್ತಿದ್ದಳು.

“ಕರೇದು ತಗೋರಿ ಸಾವ್ಕಾರ್ರ,” ಅಂದ.

ಅಪ್ಪಾಸಾಬ ತೆರೆದ ಬಾಯಿ ಮುಚ್ಚಲಿಲ್ಲ. ವಿಠೋಬಾ ಮಾತ್ರ ದೇವರು ಹೂ ಕೊಟ್ಟವನಂತೆ ಕೈ ಮುಗಿದು, ಹಾಗಾದರೆ ಕರಾರಿನಂತೆ ನೀನೇ ಹೊಡಿ, ಇದರಲ್ಲೇ ಬನಹಟ್ಟಿಗೆ ಹೋಗೋಣ ನಡಿ ಎಂದು ಎಡಗಡೆಯ ಮುಂದಿನ ಬಾಗಿಲಿಗೆ ಕೈ ಹಾಕಿದ.

“ನೀವು ಹಿಂದ ಕುಂಡ್ರಬೇಕ್ರಿ,” ಗಿರಮಲ್ಲಪ್ಪ ಮೆಲ್ಲಗೆ ಹೇಳಿದ. “ಮುಂದ ಜಾಗಾ ಇಲ್ಲ.”

ಆ ಮೆಲುದನಿ ವಿಠೋಬಾನ ಕಿವಿಗೆ ಮುಟ್ಟಿರಲು ಸಾಧ್ಯವಿಲ್ಲ. ಅವನು ಖಾಲಿ ಸೀಟನ್ನೂ ಅದರ ಮೇಲೆ ಬಿಗಿದ ಬೆಲ್ಟನ್ನೂ ಒಂದು ಗಳಿಗೆ ನೋಡಿದ. ಆಮೇಲೆ ಬಾಗಿಲಿನಿಂದ ಕೈ ತೆಗೆದು, ಒಳಗಿದ್ದವರಿಗೆ ತಾಗಬಾರದೆಂಬಂತೆ ಮೈ ಹಿಡಿದು ಸರಿದು, ಹಿಂದೆ ಹೋಗಿ ಕೂತ.